ಅಣ್ಣನ ಲೆಕ್ಕದಲ್ಲಿ ಸತ್ತಿದ್ದ ಅಪ್ಪ

ಬೀದಿಯವರೆಲ್ಲ ಅವಳನ್ನು ಲೈಟಕ್ಕ ಎನ್ನುತ್ತಿದ್ದರು. ಅವಳ ಸ್ಟುಡಿಯೋದಲ್ಲಿ ಫೋಟೋಗೆ ಕೂತವರು ಕಣ್ಣು ತಗ್ಗಿಸಿದರೆ, "ನೆಲದಲ್ಲೇನಿದೆ? ಲೈಟ್ ನೋಡಿ" ಎಂದು ಗದರುವಳು. ಯಾರಾದರೂ "ಸ್ವಲ್ಪ ಬೆಳ್ಳಗೆ ಮಾಡಿಕೊಡಿ" ಎಂದರೆ ಮಾತ್ರ ಗದರುತ್ತಿರಲಿಲ್ಲ. ಸುಮ್ಮನೆ ಬಾಗಿಲು ತೋರಿಸುತ್ತಿದ್ದಳು.

ಅವಳ ಅಪ್ಪ ಕರಿಯ ಜನಾಂಗದವನು, ಕಬ್ಬಿಣ ಎರಕದ ಕಾರ್ಖಾನೆಯಲ್ಲಿ ಕೆಲಸ. ಅಮ್ಮ ಬಿಳಿಯರವಳು, ಬೇಕರಿಯವನ ಮಗಳು. ಇವರು ಮದುವೆಯಾದ ವರ್ಷ ಊರಲ್ಲಿ ಬಿಳಿಯರು ಕರಿಯರ ಬೀದಿಗೆ ನುಗ್ಗಿದರು. ಅಪ್ಪನ ಎಡಗಣ್ಣು ಹೋದದ್ದು ಆಗಲೇ. ಮುಂದೆ ಹುಟ್ಟಿದ ಇಬ್ಬರು ಮಕ್ಕಳಲ್ಲಿ ಅಣ್ಣನಿಗೆ ಅಮ್ಮನ ಬಣ್ಣ ಬಂತು, ತಂಗಿಯಾದ ಇವಳಿಗೆ ಅಪ್ಪನದು.

ತಾಯಿಯ ತಾಯಿ ತನ್ನ ಹುಟ್ಟುಹಬ್ಬಕ್ಕೆ ಅಣ್ಣನನ್ನು ಮಾತ್ರ ಕರೆಯುತ್ತಿದ್ದಳು. ಒಮ್ಮೆ ಅವನು ಮರೆತು ಹೋಗಿದ್ದ ಕನ್ನಡಕ ಹಿಡಿದು ಹನ್ನೊಂದು ವರ್ಷದ ತಂಗಿ ಅಲ್ಲಿಗೆ ಹೋದಳು. ಮನೆಮಂದಿಯೆಲ್ಲ ಫೋಟೋಗೆ ಸಾಲಾಗಿ ನಿಂತಿದ್ದರು.

"ಇದು ನಮ್ಮನೆಯವರ ಫೋಟೋ ಕಣೇ, ಆಚೆ ನಿಲ್ಲು" ಎಂದಳು ಅಜ್ಜಿ.

ಅಣ್ಣ ತನ್ನ ಬೂಟು ನೋಡಿಕೊಂಡ. ಹುಡುಗಿ ಹೋಗಿ ಕ್ಯಾಮೆರಾದವನ ಪಕ್ಕ ನಿಂತಳು. ಅವಳಿಗೆ ಆ ಕಸುಬಿನ ಹುಚ್ಚು ಹಿಡಿದದ್ದು ಅವತ್ತೇ.

ಅಣ್ಣ ಇಪ್ಪತ್ತಕ್ಕೆ ದೂರದ ಊರಿಗೆ ಹೋಗಿ ಬಿಳಿಯರಲ್ಲಿ ಬಿಳಿಯನಾಗಿ ಬೆರೆತ. ಹೆಣ್ಣು ಕೊಟ್ಟವರಿಗೆ, ತನಗೆ ಅಪ್ಪ ಅಮ್ಮ ಇಲ್ಲ, ಹಿಂದೆ ಮುಂದೆ ಯಾರೂ ಇಲ್ಲ ಎಂದ. ಆ ಮಾತು ಹೇಗೋ ಮನೆಗೂ ತಲುಪಿತು. ಅಮ್ಮ ತೀರಿಕೊಂಡಾಗ ತಂಗಿ ಪತ್ರ ಹಾಕಿದಳು. ಅವನು ಬರಲಿಲ್ಲ.

"ಅವನು ಬದುಕೋಕೆ ನಾನು ಸಾಯ್ಬೇಕಿತ್ತು. ಹೋಗ್ಲಿ ಬಿಡು" ಎಂದ ಅಪ್ಪ.

"ನೀನು ಬಿಡಪ್ಪ. ನಾನು ಬಿಡಲ್ಲ."

ಎಷ್ಟೋ ವರ್ಷಗಳ ಮೇಲೆ ಒಂದು ಬೆಳಿಗ್ಗೆ ಕಾಲೇಜು ಓದುವ ಬಿಳಿ ಹುಡುಗಿಯೊಬ್ಬಳು ಆ ಹಳೇ ಪತ್ರ ಹಿಡಿದು ಸ್ಟುಡಿಯೋಗೆ ಬಂದಳು. ಅವಳಪ್ಪನ ಬೀರುವಿನಲ್ಲಿ ಸಿಕ್ಕಿತ್ತಂತೆ.

"ನೀವು ನನ್ನ ಸೋದರತ್ತೆನಾ?"

"ಹೌದು. ನಿಮ್ಮಪ್ಪ ಏನಂತ ಹೇಳಿದಾನೆ?"

"ಅಜ್ಜ ಅಜ್ಜಿ ಇಬ್ರೂ ಯಾವತ್ತೋ ತೀರ್ಕೊಂಡ್ರು ಅಂತ."

ಲೈಟಕ್ಕ ಒಳಕೋಣೆಯ ಕಡೆ ತಿರುಗಿ ಕೂಗಿದಳು. "ಅಪ್ಪಾ, ನೀನು ತೀರ್ಕೊಂಡಿದೀಯಂತೆ."

"ಊಟ ಮಾಡ್ಕೊಂಡು ತೀರ್ಕೊತೀನಿ ಇರು. ಯಾರದು?" ಎನ್ನುತ್ತ ಮುದುಕ ಹೊರಗೆ ಬಂದ. ಯಾರೆಂದು ತಿಳಿದಾಗ ಅವನ ಕೈ ಕುರ್ಚಿಗಾಗಿ ತಡಕಾಡಿತು. ಹುಡುಗಿ ಆ ಕೈ ಹಿಡಿದು ಕೂರಿಸಿದಳು.

ಲೈಟಕ್ಕ ಅಜ್ಜ ಮೊಮ್ಮಗಳ ಫೋಟೋ ತೆಗೆದು, ದೊಡ್ಡದು ಮಾಡಿಸಿ, ಬೀದಿಗೆ ಕಾಣುವಂತೆ ಗಾಜಿನ ಹಿಂದೆ ಇಟ್ಟಳು. ಯಾರೋ ಎರಡು ಸಲ ಗಾಜಿಗೆ ಮಸಿ ಬಳಿದರು. ಎರಡು ಸಲವೂ ತೊಳೆದಳು. ಮೂರನೇ ವಾರ, ಮಗಳಿಂದ ವಿಷಯ ತಿಳಿದು, ಅಣ್ಣ ಬಂದ, ತಲೆ ನರೆತಿತ್ತು.

"ತೆಗಿ ಅದನ್ನ. ನನ್ನ ಸಂಸಾರ ಹಾಳಾಗುತ್ತೆ."

"ಅಪ್ಪ ಒಳಗಿದಾನೆ. ಹೋಗಿ, ನೀನು ಸತ್ತಿದೀಯ ಅಂತ ಅವನ ಮುಖಕ್ಕೇ ಹೇಳು. ಆಮೇಲೆ ತೆಗೀತೀನಿ."

ಅವನು ಒಳಬಾಗಿಲ ಪರದೆ ಹಿಡಿದು ಸ್ವಲ್ಪ ಹೊತ್ತು ನಿಂತ. ಒಳಗೆ ಮುದುಕ ಕೆಮ್ಮಿದ. ಅಣ್ಣ ಪರದೆ ಬಿಟ್ಟು, ಬಂದ ದಾರಿಯಲ್ಲೇ ಹೊರಟುಹೋದ.

ಅವನು ಮತ್ತೆ ಬರಲಿಲ್ಲ. ಮಗಳ ಬಾಯಿಂದ ಎಲ್ಲ ಕೇಳಿದ ಅವನ ಹೆಂಡತಿ ಬಂದಳು. ಬಾಗಿಲಲ್ಲೇ ನಿಂತು, "ಮಾವನವರು ಇದಾರಾ?" ಎಂದಳು. ಈಗ ತಿಂಗಳಿಗೊಂದು ಭಾನುವಾರ, ಗಂಡ ಬೇಡವೆಂದರೂ, ತಾಯಿ ಮಗಳು ಇಬ್ಬರೂ ಬರುತ್ತಾರೆ. ಮುದುಕ ಅವರ ಜೊತೆ ಇಸ್ಪೀಟಾಡಲು ಕೂರುತ್ತಾನೆ. ಸೋಲುವ ಹಾಗಾದರೆ, ಒಕ್ಕಣ್ಣನಿಗೆ ಎಲೆ ಸರಿಯಾಗಿ ಕಾಣಲಿಲ್ಲ ಎಂದು ಆಟ ಕಲಸಿಬಿಡುತ್ತಾನೆ.