ನನಗೊಬ್ಬಳಿಗೇ ಕಾಣದ ಹೆಸರು

ಮ್ಯೂಸಿಯಂನಲ್ಲಿ ಈಜಿಪ್ಟಿನ ಸತ್ತವರನ್ನು ನೋಡಿಕೊಳ್ಳುವುದಕ್ಕೆ ಹದಿನೆಂಟು ವರ್ಷದಿಂದ ಸಂಬಳ ತೆಗೆದುಕೊಳ್ಳುತ್ತಿರುವವಳು ನಾನು. ದೆವ್ವ, ಶಾಪ, ಮಮ್ಮಿಯ ಕಾಟ ಅಂತ ಯಾರಾದರೂ ಶುರುಮಾಡಿದರೆ ನನಗೆ ಮೈ ಉರಿಯುತ್ತಿತ್ತು. ನಾವಿರುವ ಊರಾದ ವುಡ್‌ಬ್ರಿಡ್ಜ್‌ನಲ್ಲಿ ಯಾರ ಮನೆಯ ಸತ್ಯನಾರಾಯಣ ಪೂಜೆಗೆ ಹೋದರೂ ಊಟದ ತಟ್ಟೆ ಹಿಡಿದುಕೊಂಡು ಒಬ್ಬರಾದರೂ ಕೇಳೇ ಕೇಳುತ್ತಾರೆ, "ಅಲ್ಲಿ ಒಬ್ಬರೇ ಇರೋಕೆ ನಿಮಗೆ ಭಯ ಆಗಲ್ವೇನ್ರೀ?" "ನನಗೆ ಭಯ ಹುಳದ್ದು ಮಾತ್ರ" ಅನ್ನುತ್ತಿದ್ದೆ. ನಿಜವಾಗಿಯೂ ನನ್ನ ಕೆಲಸ ಅಷ್ಟೇ. ಮರದ ಪೆಟ್ಟಿಗೆಗೆ ಹುಳ ಹಿಡಿದಿದೆಯೇ, ಗಾಜಿನ ಕಪಾಟಿನೊಳಗೆ ತೇವ ಏರಿದೆಯೇ, ಯಾವ ವಸ್ತು ಯಾವ ಡ್ರಾಯರಿನಲ್ಲಿದೆ ಅಂತ ನೋಡುವುದು, ಬರೆದಿಡುವುದು. ಇಂಥವಳು ಈಗ ಹೇಳಹೊರಟಿರುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ನಮ್ಮ ಮ್ಯೂಸಿಯಂ ಇರುವುದು ನ್ಯೂಯಾರ್ಕಿನಲ್ಲಿ, ಹೆಸರು ಬೇಡ. ಅದರ ಉಗ್ರಾಣದಲ್ಲಿ ಮೊಣಕಾಲೆತ್ತರದ ಒಂದು ಸುಣ್ಣಕಲ್ಲು ಇತ್ತು. ಸತ್ತವರ ನೆನಪಿಗೆ ನಿಲ್ಲಿಸುತ್ತಿದ್ದ ಕಲ್ಲು, ನಮ್ಮ ಕಡೆಯ ಮಾಸ್ತಿಗಲ್ಲು, ವೀರಗಲ್ಲು ಇದ್ದ ಹಾಗೆ. "ಈ ದಾರಿಯಲ್ಲಿ ಹೋಗುವವರೇ, ನನ್ನ ಹೆಸರು ಹೇಳಿ" ಅಂತ ಅದರ ಮೇಲೆ ಕೆತ್ತಿದೆ. ಹೆಸರು ಹೇಳುವವರು ಇರುವ ತನಕ ಸತ್ತವರು ಬದುಕಿರುತ್ತಾರೆ ಅನ್ನುವುದು ಈಜಿಪ್ಟಿನವರ ನಂಬಿಕೆ. ಆದರೆ ಹೆಸರಿದ್ದ ಜಾಗವನ್ನೇ ಯಾರೋ ಆ ಕಾಲದಲ್ಲೇ ಉಳಿಯಿಂದ ಕೆರೆದುಹಾಕಿದ್ದರು. ಆಗದವರನ್ನು ಎರಡನೇ ಸಲ ಕೊಲ್ಲುವ ಪದ್ಧತಿ ಅದು. ಆ ಹೆಸರು ಯಾವುದು ಅಂತ ಏಳು ವರ್ಷ ಒದ್ದಾಡಿದೆ. ಮಕ್ಕಳ ಸ್ಪ್ರಿಂಗ್ ಬ್ರೇಕ್ ರಜೆಗಳನ್ನೆಲ್ಲ ಅದಕ್ಕೇ ಸುರಿದೆ. ದಕ್ಕಲಿಲ್ಲ.

ಪಲ್ಲವಿ ಧಾರವಾಡದ ಹುಡುಗಿ, ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ಅವಳನ್ನು ಕೆಲಸಕ್ಕೆ ತೆಗೆದುಕೊಳ್ಳಿ ಅಂತ ಮೇಲಿನವರ ತಲೆ ತಿಂದವಳು ನಾನೇ. ಮೊದಲ ಚಳಿಗಾಲದಲ್ಲಿ ನನ್ನ ಕೋಟು ಕೊಟ್ಟೆ, ಡಬ್ಬಿಯಲ್ಲಿ ಬಿಸಿಬೇಳೆಬಾತ್ ತಂದುಕೊಟ್ಟೆ. ಮೂರನೇ ವರ್ಷಕ್ಕೆ ಹೊಸ ಪ್ರದರ್ಶನದ ಪೂರ್ತಿ ಉಸ್ತುವಾರಿ, ಕ್ಯುರೇಟರ್ ಪಟ್ಟ, ಅವಳಿಗೆ ಸಿಕ್ಕಿತು. ಕ್ಯಾಟಲಾಗ್ ಬರೆಯುವ ಚಾಕರಿ ನನಗೆ. ಅದನ್ನೂ ನುಂಗಿಕೊಂಡೆ. ಆಮೇಲೆ ಒಂದು ಶುಕ್ರವಾರ ಉಗ್ರಾಣದಿಂದ, "ಅಕ್ಕಾ, ಲಗೂನ ಬರ್ರಿ ಇಲ್ಲೆ" ಅಂತ ಕೂಗಿದಳು. ಕಲ್ಲನ್ನು ಮಲಗಿಸಿ, ಅಳಿದ ಗೆರೆಯ ನೆರಳು ಎದ್ದು ಕಾಣಲಿ ಅಂತ ಟಾರ್ಚನ್ನು ಓರೆಯಾಗಿ ಹಿಡಿದಿದ್ದಳು. ಓರೆ ಬೆಳಕು ನಾನೂ ನೂರು ಸಲ ಬಿಟ್ಟಿದ್ದೆ, ಆದರೆ ಎರಡು ಪಕ್ಕದಿಂದ ಮಾತ್ರ. ಅವಳು ಬುಡದ ಕಡೆಯಿಂದ ಬಿಟ್ಟಿದ್ದಳು. ಅವರ ಚಿತ್ರಲಿಪಿಯಲ್ಲಿ ಒಂದು ಜೊಂಡಿನ ಎಲೆ, ಪುಟ್ಟ ಚೌಕ, ಮತ್ತೆರಡು ಎಲೆ. ಇಪಿ. ಅಷ್ಟೇ ಹೆಸರು. ನನ್ನ ಕಣ್ಣಿಗೂ ಸ್ಪಷ್ಟವಾಗಿ ಕಂಡಿತು. "ಭೇಷ್ ಕಣೇ" ಅಂದೆ. ಹೊಟ್ಟೆಯಲ್ಲಿ ಮಾತ್ರ ಬೆಂಕಿ ಬಿದ್ದಿತ್ತು. ಏಳು ವರ್ಷ ನನ್ನ ಹತ್ತಿರ ಬಾಯಿ ಬಿಡದ ಕಲ್ಲು ನಿನ್ನೆ ಮೊನ್ನೆ ಬಂದವಳ ಹತ್ತಿರ ಬಿಟ್ಟಿತಲ್ಲ!

ಸೋಮವಾರ ಮ್ಯೂಸಿಯಂ ಜನರಿಗೆ ಮುಚ್ಚಿರುತ್ತದೆ, ನಮಗೆ ಕೆಲಸ ಜಾಸ್ತಿ. ಬೆಳಗ್ಗೆ ಟ್ರೇನಿನಲ್ಲಿ ದಾರಿಯುದ್ದಕ್ಕೂ ಕುದಿಯುತ್ತಾ ಬಂದೆ. ಬಂದವಳೇ ಕ್ಯಾಟಲಾಗ್ ತೆರೆದೆ. ಆ ಕಲ್ಲಿನ ಪುಟದಲ್ಲಿ, ಹೆಸರನ್ನು ಮೊದಲು ಓದಿದವಳು ಪಲ್ಲವಿ ಅಂತ ಶುಕ್ರವಾರ ನಾನೇ ಬರೆದಿದ್ದೆ. ಆ ಸಾಲು ಅಳಿಸಿ, "ಮ್ಯೂಸಿಯಂ ಸಿಬ್ಬಂದಿ ಓದಿದ್ದಾರೆ" ಅಂತ ಹಾಕಿದೆ. ಸುಳ್ಳೇನಲ್ಲವಲ್ಲ, ಅವಳೂ ಸಿಬ್ಬಂದಿಯೇ ತಾನೇ, ಅಂದುಕೊಂಡೆ. ಕದ್ದು ತಿಂದಷ್ಟು ಖುಷಿಯಾಯಿತು.

ಊಟವಾದ ಮೇಲೆ ಅಕ್ಷರಗಳ ಅಳತೆ ತೆಗೆದುಕೊಳ್ಳಲು ಉಗ್ರಾಣಕ್ಕೆ ಇಳಿದೆ. ಕಲ್ಲು ಹಾಗೆಯೇ ಮಲಗಿತ್ತು. ಬುಡದ ಕಡೆಯಿಂದ ಟಾರ್ಚ್ ಬಿಟ್ಟೆ. ಉಳಿಯ ಗೀರುಗಳು ಕಂಡವು. ಅಕ್ಷರ ಇರಲಿಲ್ಲ. ಟಾರ್ಚ್ ಬದಲಾಯಿಸಿದೆ, ಕನ್ನಡಕ ಒರೆಸಿದೆ, ಮುಕ್ಕಾಲು ಗಂಟೆ ಕೂತೆ. ಶುಕ್ರವಾರ ತೆಗೆದಿದ್ದ ಫೋಟೊವನ್ನು ಫೋನಿನಲ್ಲಿ ತೆರೆದು ಪಕ್ಕದಲ್ಲಿಟ್ಟುಕೊಂಡೆ. ಫೋಟೊದಲ್ಲಿ ಎಲೆ, ಚೌಕ, ಎಲೆ ಎಲ್ಲ ಇತ್ತು. ಗೀರಿಗೆ ಗೀರು ತಾಳೆಯಾಗುತ್ತಿತ್ತು, ಕಲ್ಲೂ ಅದೇ. ಆದರೆ ಕಲ್ಲಿನ ಮೇಲೆ ಹೆಸರಿದ್ದ ಜಾಗ ಬೋಳು.

ಪಲ್ಲವಿಯನ್ನು ಕರೆದೆ. ಅವಳು ಬಗ್ಗಿ ನೋಡಿ, "ಇಲ್ಲೇ ಅದಲ್ರಿ ಅಕ್ಕಾ" ಅಂತ ಗ್ಲೌಸ್ ಹಾಕಿದ ಬೆರಳನ್ನು ಮುಟ್ಟಿಸದೆ ಒಂದೊಂದೇ ಅಕ್ಷರದ ಮೇಲೆ ಆಡಿಸಿದಳು. ನಾನು ಆ ಬೆರಳನ್ನೇ ಹಿಂಬಾಲಿಸಿದೆ. ಏನೂ ಇಲ್ಲ. "ಹ್ಞೂಂ, ಕಾಣಿಸ್ತು" ಅಂದೆ. ಅವಳು ಅಳತೆ ಹೇಳುತ್ತಾ ಹೋದಳು, ನಾನು ಕುರುಡಿಯ ಹಾಗೆ ಬರೆದುಕೊಂಡೆ.

ಮೇಲೆ ಓಡಿದವಳೇ ಅಳಿಸಿದ ಸಾಲನ್ನು ಮೊದಲಿನಂತೆಯೇ ಹಾಕಿದೆ, ಈ ಸಲ ಪುಟದ ಮೇಲ್ತುದಿಯಲ್ಲೇ ಎದ್ದು ಕಾಣುವ ಹಾಗೆ. ಮತ್ತೆ ಇಳಿದು ಬಂದು ನೋಡಿದೆ. ಬೋಳು. ಮರುವಾರ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ವಯಸ್ಸಿಗೆ ತಕ್ಕ ಕಣ್ಣು, ಏನೂ ತೊಂದರೆಯಿಲ್ಲ ಅಂದರು. ಕೊನೆಗೆ ತಡೆಯಲಾರದೆ, ಸಾಲು ಅಳಿಸಿದ್ದ ವಿಷಯವನ್ನು ಪಲ್ಲವಿಗೆ ಹೇಳಿಯೇಬಿಟ್ಟೆ. ಅವಳು ಚಹಾ ಕಪ್ಪನ್ನು ಮೇಜಿನ ಮೇಲಿಟ್ಟು, "ಗೊತ್ತದರಿ ಅಕ್ಕಾ. ಅವತ್ತಽ ಡ್ರಾಫ್ಟ್ ನೋಡಿದ್ದೆ. ನೀವೇ ಹೇಳ್ತೀರಿ ಅಂತ ಸುಮ್ಮನ ಇದ್ದೆ" ಅಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಪ್ರದರ್ಶನದ ಮೊದಲ ದಿನ ಜನ ಸಾಲುಗಟ್ಟಿ ನಿಂತು, ಕಲ್ಲಿನ ಪಕ್ಕದ ಫಲಕ ನೋಡಿಕೊಂಡು ಇಪಿ, ಇಪಿ ಅಂತ ಓದಿದರು. ಪಲ್ಲವಿ ಭಾಷಣದಲ್ಲಿ ನನ್ನ ಹೆಸರನ್ನೇ ಮೊದಲು ಹೇಳಿದಳು. ಅವಳ ಒಳ್ಳೆಯತನಕ್ಕೂ ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ?

ಇದಾಗಿ ನಾಲ್ಕು ವರ್ಷ. ಆ ಕಲ್ಲಿನಲ್ಲಿ ಇವತ್ತಿಗೂ ನನಗೆ ಗೀರು ಬಿಟ್ಟರೆ ಏನೂ ಕಾಣಿಸುವುದಿಲ್ಲ. ಹೊಟ್ಟೆಕಿಚ್ಚು ಇನ್ನೂ ಹೋಗಿಲ್ಲ, ಅದಕ್ಕೇ ಅಂತ ನೀವು ಹೇಳಬಹುದು. ನನ್ನ ಹೊಟ್ಟೆಯೊಳಗಿನದು ಕಲ್ಲಿಗೆ ಹೇಗೆ ಗೊತ್ತಾಗುತ್ತದೆ, ನೀವೇ ಹೇಳಿ. ಬೇರೆ ಕಾರಣ ಹುಡುಕಿ ಸಾಕಾಗಿದೆ. ಕಾಣಿಸುವುದಿಲ್ಲ ಅನ್ನುವ ಮಾತನ್ನು ಮಾತ್ರ ಪಲ್ಲವಿಗೆ ಹೇಳಿಲ್ಲ. ಹೇಳಿದರೆ ಓಡಿಹೋಗಿ ಟಾರ್ಚ್ ತರುತ್ತಾಳೆ, ಅಂಥವಳು. ಆ ಹುಡುಗಿಯ ಕೈಯಲ್ಲಿ ಇನ್ನೊಂದು ಸಲ ಆ ಹೆಸರನ್ನು ತೋರಿಸಿಕೊಳ್ಳುವುದು ನನ್ನಿಂದಾಗದು.