ಹಿಟ್ಟು ಚೆಲ್ಲಿದ ಉಮಾವತಿ

ಉಮಾವತಿ ಯಾರಿಗೂ ಹೆದರಿದ ಹೆಂಗಸಲ್ಲ, ದೆಹಲಿಗಂತೂ ಹೆದರಲೇ ಇಲ್ಲ. ಗಂಡ ತೀರಿಕೊಂಡ ಮೇಲೆ ಉಡುಪಿ ಕಡೆಯಿಂದ ಆರ್.ಕೆ.ಪುರಂಗೆ, ತಮ್ಮ ಜಯಾನಂದನ ಪುಟ್ಟ ಹೋಟೆಲಿಗೆ ಬಂದವಳು. ಗಲ್ಲಾಪೆಟ್ಟಿಗೆ ತಮ್ಮನದು, ಒಲೆ ಅಕ್ಕನದು. ತರಕಾರಿ ಭಯ್ಯಾ ಬಾಡಿದ ಬೀನ್ಸ್ ತಂದರೆ ಬುಟ್ಟಿಸಮೇತ ಬೀದಿಗೆ ವಾಪಸು. ಅವಳ ಹಿಂದಿ ಕೇಳಿ ನಕ್ಕವರು ಬೈಗುಳ ಕೇಳಿ ಬಾಯಿ ಮುಚ್ಚಿದ್ದೂ ಉಂಟು.

2007ರ ಜೂನ್ ತಿಂಗಳು. ಪಾತ್ರೆ ತೊಳೆಯುವ ಮೂಲೆಯಲ್ಲಿ ಚರಂಡಿ ಮುಚ್ಚಿದ್ದ ಕಬ್ಬಿಣದ ಜಾಲರಿ ತುಕ್ಕು ತಿಂದು ಮುರಿದಿತ್ತು. ಅಕ್ಕ ತಮ್ಮ ಇಬ್ಬರೂ ಗ್ರೇಟರ್ ನೋಯ್ಡಾಕ್ಕೆ ಹೋಗಿ ಫೈಬರ್‌ಗ್ಲಾಸ್ ಜಾಲರಿ ತಂದರು. ನೋಡಲು ಪ್ಲಾಸ್ಟಿಕ್, ಒಳಗೆಲ್ಲ ಗಾಜಿನ ಎಳೆ. ಮಾರಿದವನು ಚೆನ್ನಾಗಿ ತಿಳಿಸಿ ಹೇಳಿದ್ದ: ಕತ್ತರಿಸುವುದು ಬಯಲಲ್ಲಿ, ಮಾಸ್ಕು, ಕನ್ನಡಕ, ಗ್ಲೌಸು, ತುಂಬು ತೋಳಿನ ಅಂಗಿ ಇರಲಿ, ಕೈಗರಗಸದಲ್ಲಿ ನೀರು ಚಿಮುಕಿಸುತ್ತಾ ಕೊಯ್ದರೆ ಪುಡಿ ಏಳುವುದಿಲ್ಲ. ಜಯಾನಂದ "ಅಚ್ಛಾ, ಅಚ್ಛಾ" ಎಂದು ತಲೆಯಾಡಿಸಿದ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ, ಅಷ್ಟೆ.

ಭಾನುವಾರ ಬೆಳಿಗ್ಗೆ ಅಕ್ಕ ದೇವಸ್ಥಾನಕ್ಕೆ ಹೋದದ್ದೇ ತಡ, ಹೊರಗೆ ಬಿಸಿಲೆಂದು ಈ ಪುಣ್ಯಾತ್ಮ ಅಡುಗೆಮನೆಯಲ್ಲೇ ಕತ್ತರಿಸುವ ಮಷೀನು ಹಚ್ಚಿದ. ಉಮಾವತಿ ಬಂದು ನೋಡುತ್ತಾಳೆ, ಒಲೆಕಟ್ಟೆ, ತಟ್ಟೆ, ಲೋಟ ಎಲ್ಲದರ ಮೇಲೂ ಸಣ್ಣ ಪುಡಿ. ಉಬ್ಬಿ ನಿಂತ ದೋಸೆ ಹಿಟ್ಟಿನ ದೊಡ್ಡ ಪಾತ್ರೆಗೆ ಮುಚ್ಚಳವೇ ಇಲ್ಲ. ಜಯಾನಂದ ಮೂಲೆಯಲ್ಲಿ ನಿಂತು, ತುರಿಸುವ ಕೈಗೆ ತೆಂಗಿನೆಣ್ಣೆ ತಿಕ್ಕುತ್ತಿದ್ದ! ಕರಾವಳಿಯವರಿಗೆ ಉಳುಕಿಗೂ ಅದೇ, ಉರಿಗೂ ಅದೇ. ತಿಕ್ಕಿದಷ್ಟೂ ಗಾಜಿನ ಎಳೆ ಚರ್ಮದೊಳಗೆ ಇಳಿದು ಕೈ ಕೆಂಪಾಗಿತ್ತು.

"ತಿಕ್ಕಬೇಡ ಮಾರಾಯ! ನಲ್ಲಿಯ ಕೆಳಗೆ ಹಿಡಿ," ಎಂದು ಉಮಾವತಿ ಕೂಗಿದಳು.

"ನನ್ನ ಕೈಯ ಚಿಂತೆ ಬಿಡು ಅಕ್ಕ. ಮೇಲಿನ ಹಿಟ್ಟು ತೆಗೆದುಹಾಕಿ ದೋಸೆ ಹೊಯ್ಯಿ, ಗಿರಾಕಿಗಳು ಬರುವ ಹೊತ್ತಾಯ್ತು."

"ಜನರಿಗೆ ಗಾಜು ತಿನ್ನಿಸ್ತೀಯಾ?"

"ಹೋಟೆಲು ಯಾರದ್ದು? ನನ್ನ ಮಾತು ನಡೆಯುವುದಿಲ್ಲ ಅಂದ್ರೆ ನಾಳೆಯೇ ಊರಿನ ರೈಲು ಹತ್ತು!"

ಈ ಒಲೆ ಬಿಟ್ಟರೆ ಉಮಾವತಿಗೆ ಊರಲ್ಲೂ ಗತಿಯಿಲ್ಲ, ಇಲ್ಲೂ ಗತಿಯಿಲ್ಲ. ಆದರೂ ಸೆರಗು ಸಿಕ್ಕಿಸಿದಳು.

"ಹತ್ತುತ್ತೇನೆ. ಈ ಹಿಟ್ಟು ಚೆಲ್ಲಿಯೇ ಹತ್ತುತ್ತೇನೆ."

ಪಾತ್ರೆ ಎತ್ತಿ ಅಷ್ಟೂ ಹಿಟ್ಟನ್ನು ಚರಂಡಿಗೆ ಸುರಿದಳು. ಆಮೇಲೆ ಉಳಿದ ಜಾಲರಿಯನ್ನು ಹಿಂದಿನ ಗಲ್ಲಿಗೆ ಎಳೆದೊಯ್ದು, ಗಂಡನ ಹಳೇ ತುಂಬುತೋಳಿನ ಅಂಗಿ ತೊಟ್ಟು, ಜಾಲರಿಯ ಜೊತೆಗೇ ತಂದಿದ್ದ ಮಾಸ್ಕು, ಕನ್ನಡಕ, ಗ್ಲೌಸು ಹಾಕಿಕೊಂಡು, ನೀರು ಚಿಮುಕಿಸುತ್ತಾ ಗರಗಸ ಆಡಿಸತೊಡಗಿದಳು. ಸಿಟ್ಟಿಗೆ ಗರಗಸ ಸರಾಗ ಓಡಿತು.

ಅಷ್ಟರಲ್ಲಿ ಸರಕಾರಿ ಕ್ವಾರ್ಟರ್ಸಿನ ದೇವೇಂದ್ರಪ್ಪ ಹೆಂಡತಿ ಮಕ್ಕಳೊಂದಿಗೆ ಬಂದರು. ಪ್ರತಿ ಭಾನುವಾರದ ಗಿರಾಕಿ. "ಕರೆಂಟಿಲ್ಲ ಸಾರ್, ರುಬ್ಬುವುದಕ್ಕಾಗಲಿಲ್ಲ," ಎಂದು ಜಯಾನಂದ ಬಾಗಿಲಲ್ಲೇ ಹಲ್ಲು ಕಿರಿದ.

ಮಾಸ್ಕನ್ನು ಕುತ್ತಿಗೆಗೆ ಇಳಿಸಿಕೊಂಡು ಉಮಾವತಿ ಅವನ ಹಿಂದೆಯೇ ಬಂದು ನಿಂತಳು.

"ಕರೆಂಟುಂಟು. ಹಿಟ್ಟಿಗೆ ಗಾಜಿನ ಪುಡಿ ಬಿದ್ದಿತ್ತು, ನಾನೇ ಚೆಲ್ಲಿದೆ. ನಾಳೆ ನಾನಿಲ್ಲಿ ಇರ್ತೇನೋ ಇಲ್ಲವೋ ಇವನನ್ನೇ ಕೇಳಿ."

ದೇವೇಂದ್ರಪ್ಪ ಜಯಾನಂದನ ಮುಖ ನೋಡಿದರು. ಅವನು ಕೈ ತುರಿಸಿಕೊಂಡ, ನೆಲ ನೋಡಿದ.

"ಎಲ್ಲಿಗೆ ಹೋಗ್ತಾಳೆ ಸಾರ್? ನಾಳೆಗೆ ಅಕ್ಕಿ ನೆನೆಹಾಕಬೇಕಲ್ಲ."

"ಅಕ್ಕಿ ಆಮೇಲೆ," ಎಂದಳು ಉಮಾವತಿ. "ಮೊದಲು ಒದ್ದೆ ಬಟ್ಟೆ ಹಿಡಿ. ಅಡುಗೆಮನೆ ಪೂರ್ತಿ ನೀನೇ ಒರೆಸಬೇಕು."