ಅಲುಗದೆ ಕುಳಿತ ಅಕ್ಕ

ಕೆಲವು ವರ್ಷಗಳ ಹಿಂದೆ, ಯುಗಾದಿಗೆ ಮುಂಚಿನ ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಜೋಗುಪಾಳ್ಯದ ಒಂದು ಫೋಟೋ ಸ್ಟುಡಿಯೋದಲ್ಲಿ ಇದ್ದವರು ಮೂವರೇ: ನನ್ನ ಅಕ್ಕ, ನಾನು, ಸ್ಟುಡಿಯೋ ನಡೆಸುವ ಸೆಲ್ವಿ. ನಾಲ್ಕನೆಯವರು ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಾನು ಇಂಥ ಕಥೆಗಳನ್ನು ನಂಬಿದವನಲ್ಲ. ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ದುಡಿದವನು. ಅಳತೆಗೆ ಕೂರದ್ದನ್ನು ವಾಪಸು ಕಳಿಸುವುದೇ ನನ್ನ ಕೆಲಸವಾಗಿತ್ತು. ಯಾರಾದರೂ ದೆವ್ವದ ಸುದ್ದಿ ತೆಗೆದರೆ ಎದ್ದು ನೀರು ಕುಡಿಯಲು ಹೋಗುತ್ತಿದ್ದೆ.

ಎಪ್ಪತ್ತು ದಾಟಿದ ಮೇಲೆ ಅಕ್ಕನಿಗೆ ತಲೆ ಅಲುಗುವ ಕಾಯಿಲೆ ಶುರುವಾಯಿತು. ‘ಬೇಡ, ಬೇಡ’ ಎಂದಂತೆ ಸದಾ ಆಡುತ್ತಿತ್ತು. ಆಮೇಲೆ ಅವಳು ಯಾವ ಮದುವೆಯಲ್ಲೂ ಫೋಟೋಗೆ ನಿಲ್ಲಲಿಲ್ಲ. ಕ್ಯಾಮೆರಾ ಕಂಡರೆ ಊಟದ ಹಾಲ್ ಕಡೆ ನಡೆದುಬಿಡುತ್ತಿದ್ದಳು. ಒಂದು ದಿನ ಕಾಫಿ ಕುಡಿಯುತ್ತಾ ತಾನೇ ಮಾತು ತೆಗೆದಳು.

“ನಾಳೆ ನಾನು ಹೋದ್ರೆ ಆಧಾರ್ ಕಾರ್ಡ್ ಫೋಟೋಗೆ ಹಾರ ಹಾಕ್ತೀರೇನೋ? ಅದ್ರಲ್ಲಿ ಕಳ್ಳಿ ಥರ ಇದ್ದೀನಿ. ಟೀಚರಾಗಿದ್ದೋಳು ಕಣೋ ನಾನು. ಒಂದು ನೆಟ್ಟಗಿರೋ ಮುಖ ಬಿಟ್ಟು ಹೋಗ್ಬೇಕು.”

ಸ್ಟುಡಿಯೋದಲ್ಲಿ ಕನ್ನಡಿ, ಬಾಚಣಿಗೆ, ಪೌಡರ್ ಡಬ್ಬಿ, ಕೊಳದಲ್ಲಿ ಬಾತುಕೋಳಿ ಬರೆದ ಹಳೆಯ ಪರದೆ. ಚಿಕ್ಕಂದಿನಲ್ಲಿ ಅಪ್ಪ ನಮ್ಮನ್ನು ಹಲಸೂರಿಗೆ ಕರೆದೊಯ್ದು ಇಂಥದೇ ಪರದೆಯ ಮುಂದೆ ನಿಲ್ಲಿಸಿದ್ದು ನೆನಪಾಯಿತು.

“ಸ್ವಲ್ಪ ಅಲುಗಾಡ್ಬೇಡಿ ಮಾ,” ಎಂದಳು ಸೆಲ್ವಿ.

“ಅದು ನನ್ ಕೈಲಿದ್ರೆ ನಿನ್ ಹತ್ರ ಹೇಳಿಸ್ಕೋತಿದ್ನಾ?” ಎಂದಳು ಅಕ್ಕ.

ತೆಗೆದ ಪ್ರತಿ ಚಿತ್ರದಲ್ಲೂ ಮುಖ ಓರೆ, ಕಣ್ಣು ಅರೆಮುಚ್ಚಿ, ಬೈಸಿಕೊಂಡವರ ಹಾಗೆ. ಕಂಪ್ಯೂಟರಲ್ಲಿ ಬೇರೆ ಕಣ್ಣು ಕೂರಿಸುತ್ತೇನೆ ಎಂದಳು ಸೆಲ್ವಿ. “ಯಾರ ಕಣ್ಣಮ್ಮಾ ಅದು?” ಎಂದು ಅಕ್ಕ ಗದರಿದಳು. ಆಮೇಲೆ ಆ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಇನ್ನೊಂದೇ ಸಲ,” ಎಂದೆ. ನಾನು ಅವಳ ಚೀಲ ಹಿಡಿದು ಬಾಗಿಲ ಬಳಿ ನಿಂತಿದ್ದೆ. ಸೆಲ್ವಿ ಕ್ಯಾಮೆರಾದ ಹಿಂದೆ. ಅಕ್ಕನ ಗಲ್ಲ ತುಸು ಮೇಲಕ್ಕೆದ್ದು ಎಡಕ್ಕೆ ತಿರುಗಿತು. ತಲೆ ನಿಂತಿತು. ಬೆಳಕು ಮಿಂಚಿತು.

“ಗಲ್ಲ ಹಿಡಿದಿದ್ದು ಒಳ್ಳೇದಾಯ್ತು,” ಎಂದಳು ಅಕ್ಕ ನನಗೆ. “ಕೈ ತೊಳ್ಕೊಂಡು ಬರಬಾರ್ದಿತ್ತೇನೋ? ವಿನಿಗರ್ ವಾಸನೆ.”

ಸೆಲ್ವಿ ಕ್ಯಾಮೆರಾ ಬಿಟ್ಟು ಅಕ್ಕ ಕುಳಿತ ಸ್ಟೂಲಿನ ಹತ್ತಿರ ಬಂದಳು. ಸ್ಟುಡಿಯೋ ತೆರೆದದ್ದು ಅವಳ ಅಪ್ಪ; ಕತ್ತಲೆ ಕೋಣೆಯಲ್ಲಿ ತಾವೇ ಫೋಟೋ ತೊಳೆಯುತ್ತಿದ್ದ ಕಾಲದವರು, ತೀರಿಕೊಂಡು ಬಹಳ ವರ್ಷವಾಗಿತ್ತು. “ಅಪ್ಪಾನೂ ಹಂಗೇ ಸಾರ್, ಎರಡು ಬೆರಳಲ್ಲಿ ಗಲ್ಲ ಎತ್ತೋರು,” ಎಂದಳು. “ಫೋಟೋ ತೊಳೆಯೋ ಆ್ಯಸಿಡ್ಡು, ವಿನಿಗರ್ ಥರಾನೇ ವಾಸ್ನೆ ಅಂತ ಮದುವೆ ಹೆಣ್ಣುಗಳು ಮೂಗು ಮುಚ್ಕೊಳ್ಳೋರು.” ಅಕ್ಕ ಆ ಸ್ಟುಡಿಯೋಗೆ ಕಾಲಿಟ್ಟದ್ದು ಅದೇ ಮೊದಲು.

ಇಂಥ ನಡುಕ ಗಲ್ಲಕ್ಕೆ ಬೆರಳು ಕೊಟ್ಟರೆ ಕ್ಷಣಕಾಲ ನಿಲ್ಲುವುದುಂಟು ಎಂದು ನಮ್ಮ ಡಾಕ್ಟರು ಆಮೇಲೆ ಹೇಳಿದರು. ಬೆರಳು ಯಾರದು ಎಂಬುದು ನನಗೆ ಇಂದಿಗೂ ತಿಳಿದಿಲ್ಲ.

ಅಂದು ಸಂಜೆಯೇ ಕಟ್ಟು ಹಾಕಿಸಿ ಫೋಟೋ ಹೊಸ ತಿಪ್ಪಸಂದ್ರದ ನಮ್ಮ ಮನೆಗೆ ತಂದೆವು. ಬದುಕಿರುವವರ ಫೋಟೋ ಗೋಡೆಗೆ ಬೇಡ ಎಂದಳು ನನ್ನ ಹೆಂಡತಿ.

“ಸತ್ ಮೇಲೆ ನಾನು ನೋಡಕ್ಕಾಗುತ್ತೇನೇ?” ಎಂದಳು ಅಕ್ಕ.

ನಾನು ಮೊಳೆ ಹೊಡೆದು ತೂಗುಹಾಕಿದೆ. ಅವಳು ಎದುರು ನಿಂತು, ತಲೆ ಆಡಿಸುತ್ತಲೇ, ಬಹಳ ಹೊತ್ತು ನೋಡಿದಳು.

“ಎಡಗಡೆ ಸ್ವಲ್ಪ ಇಳಿದಿದೆ,” ಎಂದಳು.

ಸರಿಪಡಿಸಿದೆ.